ಹೊಟ್ಟೆ ಹೊಲಿಯದೇ ಆಚೆ ಬಂದ ಡಾಕ್ಟ್ರು: ಟ್ರಾಮಾ ಸರ್ಜನ್ ಅಂದ್ರೆ ಯಾರು, ಕೊಡಗಿಗೆ ಯಾಕೆ ಬೇಕು?

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)



ಇವತ್ತು ನಮ್ಮ ಮನೆಯದ್ದೇ ಒಂದು ವಿಷಯದಿಂದ ಶುರು ಮಾಡ್ತೀನಿ. ಎರಡು ವರ್ಷದ ಹಿಂದೆ, ಫೆಬ್ರವರಿ ತಿಂಗಳು. ಮೈಸೂರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರ್ ಮುಂದೆ ನಾನು, ನಮ್ಮ ಅತ್ತೆ, ಪಕ್ಕದ ತೋಟದ ರೈಟರ್ ಮೂರು ಜನ ನಿಂತಿದ್ವಿ. ಒಳಗಡೆ ನಮ್ಮ ಮಾವ. ಒಂದು ಗಂಟೆಯೂ ಆಗಿರಲಿಲ್ಲ, ಡಾಕ್ಟ್ರು ಆಚೆ ಬಂದ್ರು. ಅತ್ತೆ "ಆಯ್ತಾ ಡಾಕ್ಟ್ರೇ?" ಅಂದ್ರು. ಅವರು, "ಇಲ್ಲಮ್ಮ, ಅರ್ಧಕ್ಕೆ ನಿಲ್ಲಿಸಿದೀನಿ. ಹೊಟ್ಟೆ ಇನ್ನೂ ಹೊಲಿದಿಲ್ಲ. ಐಸಿಯುಗೆ ಕರ್ಕೊಂಡು ಹೋಗ್ತೀವಿ, ನಾಳೆ ನಾಡಿದ್ದು ಮತ್ತೆ ಒಳಗೆ ಹೋಗ್ತೀವಿ" ಅಂದ್ರು.

ನನಗೆ ಸಿಟ್ಟು ಬಂತು. ಆಪರೇಷನ್ ಅರ್ಧಕ್ಕೆ ನಿಲ್ಲಿಸೋದು ಅಂದ್ರೇನು? ಹೊಟ್ಟೆ ತೆರೆದಿಟ್ಟು ಕರ್ಕೊಂಡು ಹೋಗೋದು ಅಂದ್ರೇನು? ಆ ಸಿಟ್ಟಿಗೆ ಉತ್ತರ ಹುಡುಕ್ತಾ ಹುಡುಕ್ತಾ ನಾನು ಓದಿದ್ದು, ಕೇಳಿ ತಿಳ್ಕೊಂಡಿದ್ದು ಈ ಸಂಚಿಕೆ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಹಾಗಾಗಿ ಬಿ.ಕಾಂ. ಓದಿದವನಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ.

ಏಣಿಯಿಂದ ಐಸಿಯುವರೆಗೆ

ನಮ್ಮದು ಸುಂಟಿಕೊಪ್ಪದ ಹತ್ತಿರ. ಮಾವನಿಗೆ ಮೂರು ಎಕರೆ ಕಾಫಿ, ನಡುವೆ ಸಿಲ್ವರ್ ಓಕ್ ಮರಗಳು, ಮರದ ತುಂಬಾ ಮೆಣಸಿನ ಬಳ್ಳಿ. ಕೆಲಸಕ್ಕೆ ಜನ ಸಿಗಲಿಲ್ಲ ಅಂತ ಆ ದಿನ ತಾವೇ ಏಣಿ ಹತ್ತಿದ್ರು. ಬೆಳಗ್ಗೆ ಒಂಬತ್ತೂವರೆಗೆ ಏಣಿ ಜಾರಿ, ಸುಮಾರು ಹದಿನೈದು ಅಡಿಯಿಂದ ಎಡಭಾಗ ನೆಲಕ್ಕೆ ಬಡಿಯೋ ಹಾಗೆ ಬಿದ್ದರು. ರಕ್ತ ಬರಲಿಲ್ಲ. ಎಡ ಮಣಿಕಟ್ಟು ಊದಿತ್ತು ಅಷ್ಟೇ. "ಏನೂ ಆಗಿಲ್ಲ ಕಣೋ, ಕೈ ಒಂದು ನೋವು" ಅಂತ ನನಗೇ ಸಮಾಧಾನ ಹೇಳಿದ್ರು.

ಪಿಕಪ್‌ನಲ್ಲಿ ಕೂರಿಸ್ಕೊಂಡು ಹತ್ತಿರದ ಒಂದು ಆಸ್ಪತ್ರೆಗೆ ಹೋದ್ವಿ. ಅಲ್ಲಿ ಕೈಗೆ ಎಕ್ಸ್-ರೇ ತೆಗೆದ್ರು, ಪ್ಲಾಸ್ಟರ್ ಹಾಕಿದ್ರು, ನೋವಿಗೆ ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ರು. ಹೊಟ್ಟೆ ಮುಟ್ಟಿ ನೋಡಿದವರು ಯಾರೂ ಇಲ್ಲ. ಹನ್ನೆರಡರ ಹೊತ್ತಿಗೆ ಮಾವ ಬಿಳಿಚಿಕೊಂಡ್ರು, ತಣ್ಣಗೆ ಬೆವರೋಕೆ ಶುರು ಆಯ್ತು, ತಲೆ ಸುತ್ತುತ್ತೆ ಅಂದ್ರು. ಆಗ ನಾಡಿ ನೋಡಿ, "ಮೈಸೂರಿಗೆ ಕರ್ಕೊಂಡು ಹೋಗಿ" ಅಂದ್ರು. ಯಾವ ಆಸ್ಪತ್ರೆ, ಯಾರಿಗೆ ಫೋನ್ ಮಾಡ್ಬೇಕು, ದಾರಿಯಲ್ಲಿ ಏನು ಮಾಡ್ಬೇಕು, ಏನೂ ಹೇಳಲಿಲ್ಲ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಬಿಳಿಕೆರೆ. ಆ ದಾರಿಯ ಒಂದೊಂದು ಹಂಪ್ ಕೂಡ ನನಗೆ ಈಗಲೂ ನೆನಪಿದೆ. ತಲುಪಿದಾಗ ಎರಡೂವರೆ. ಬಿದ್ದು ಐದು ಗಂಟೆ ಆಗಿತ್ತು.

ಅಲ್ಲಿ ಎಮರ್ಜೆನ್ಸಿಯಲ್ಲಿದ್ದ ಆ ಡಾಕ್ಟ್ರು ಕೈ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಟ್ರಾಸೌಂಡ್ ಮಷೀನ್ ತಗೊಂಡು ನಾಲ್ಕು ಜಾಗ ನೋಡಿದ್ರು: ಹೃದಯದ ಸುತ್ತ, ಬಲಕ್ಕೆ ಲಿವರ್ ಪಕ್ಕ, ಎಡಕ್ಕೆ ಗುಲ್ಮದ ಪಕ್ಕ, ಕೆಳಗೆ ಕಿಬ್ಬೊಟ್ಟೆ. ಇದಕ್ಕೆ ಫಾಸ್ಟ್ ಸ್ಕ್ಯಾನ್ ಅಂತಾರೆ. ಕೆಲವೇ ನಿಮಿಷದ ಕೆಲಸ. ಹೊಟ್ಟೆ ತುಂಬಾ ರಕ್ತ ಇತ್ತು. ಗುಲ್ಮ ಒಡೆದಿತ್ತು, ಲಿವರ್‌ನಲ್ಲೂ ಸೀಳು ಬಿಟ್ಟಿತ್ತು. ಹೊರಗೆ ಒಂದು ಹನಿ ರಕ್ತ ಕಾಣದೇ ಮನುಷ್ಯ ಒಳಗೊಳಗೇ ಖಾಲಿ ಆಗ್ತಾ ಇದ್ದ.

ಅರ್ಧಕ್ಕೆ ಯಾಕೆ ನಿಲ್ಲಿಸ್ತಾರೆ?

ಈಗ ನನ್ನ ಸಿಟ್ಟಿನ ಪ್ರಶ್ನೆಗೆ ಬರೋಣ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತೆ. ಅದು ಸೋರಿ ಹೋದ್ರೆ ಬರೀ ಪ್ರಮಾಣ ಕಮ್ಮಿ ಆಗೋದಲ್ಲ, ಮೂರು ಕೆಟ್ಟ ಕೆಲಸ ಒಟ್ಟಿಗೆ ಶುರು ಆಗುತ್ತೆ. ಒಂದು, ಮೈ ತಣ್ಣಗಾಗುತ್ತೆ. ಎರಡು, ಆಮ್ಲಜನಕ ಸಿಗದ ಜೀವಕೋಶಗಳು ಆಮ್ಲ ತಯಾರಿಸ್ತವೆ, ರಕ್ತ ಹುಳಿ ಆಗುತ್ತೆ. ಮೂರು, ತಣ್ಣಗಾಗಿ ಹುಳಿಯಾದ ರಕ್ತ ಹೆಪ್ಪುಗಟ್ಟಲ್ಲ. ಹೆಪ್ಪುಗಟ್ಟದಿದ್ರೆ ಇನ್ನಷ್ಟು ಸೋರುತ್ತೆ, ಇನ್ನಷ್ಟು ತಣ್ಣಗಾಗುತ್ತೆ, ಇನ್ನಷ್ಟು ಹುಳಿ. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ. ಡಾಕ್ಟರುಗಳು ಇದಕ್ಕೆ ಸಾವಿನ ತ್ರಿಕೋನ ಅನ್ನೋ ಅರ್ಥದ ಹೆಸರು ಇಟ್ಟಿದ್ದಾರೆ.

ಇಂಥ ರೋಗಿಯ ಹೊಟ್ಟೆ ಬಿಚ್ಚಿ ಮೂರು ನಾಲ್ಕು ಗಂಟೆ ಕೂತು ಎಲ್ಲವನ್ನೂ ನೀಟಾಗಿ ರಿಪೇರಿ ಮಾಡಿದ್ರೆ ರಿಪೇರಿ ಚೆನ್ನಾಗಿರುತ್ತೆ, ರೋಗಿ ಉಳಿಯಲ್ಲ. ಅದಕ್ಕೆ ಮೊದಲು ಸೋರಿಕೆ ಮಾತ್ರ ನಿಲ್ಲಿಸ್ತಾರೆ. ಒಡೆದ ಗುಲ್ಮ ತೆಗೀತಾರೆ, ಲಿವರ್ ಸುತ್ತ ಬಟ್ಟೆಯ ಪ್ಯಾಡ್ ಒತ್ತಿ ಇಡ್ತಾರೆ, ಹೊಟ್ಟೆ ಮೇಲೆ ತಾತ್ಕಾಲಿಕ ಮುಚ್ಚಿಗೆ. ಆಮೇಲೆ ಐಸಿಯುನಲ್ಲಿ ಮೈ ಬೆಚ್ಚಗೆ ಮಾಡಿ, ರಕ್ತ ಕೊಟ್ಟು, ಹೆಪ್ಪುಗಟ್ಟೋ ಶಕ್ತಿ ವಾಪಸ್ ತಂದು, ಒಂದೆರಡು ದಿನ ಬಿಟ್ಟು ಉಳಿದ ಕೆಲಸ ಮುಗಿಸ್ತಾರೆ. ಇದರ ಹೆಸರು ಡ್ಯಾಮೇಜ್ ಕಂಟ್ರೋಲ್ ಸರ್ಜರಿ. ಹೆಸರು ಬಂದಿದ್ದು ಅಮೆರಿಕದ ನೌಕಾಪಡೆಯ ಮಾತಿನಿಂದ. ಹಡಗಿಗೆ ಪೆಟ್ಟು ಬಿದ್ರೆ ನಡುಸಮುದ್ರದಲ್ಲಿ ಬಣ್ಣ ಬಳಿಯೋಕೆ ಕೂರಲ್ಲ. ತೂತು ಮುಚ್ಚಿ, ಬೆಂಕಿ ಆರಿಸಿ, ಬಂದರಿಗೆ ಸೇರಿಸ್ತಾರೆ. 1993ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೊಟಾಂಡೋ, ಶ್ವಾಬ್ ಮತ್ತವರ ಜೊತೆಗಾರರು ಈ ಹೆಸರಲ್ಲಿ ಪ್ರಬಂಧ ಪ್ರಕಟಿಸಿದ ಮೇಲೆ ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು.

ಅಂದ್ರೆ, ನಿಲ್ಲಿಸೋದೇ ಇಲ್ಲಿ ವಿದ್ಯೆ. ಯಾವಾಗ ಕೈ ತೆಗೀಬೇಕು ಅನ್ನೋದನ್ನ ಕಲಿಯೋಕೆ ಎಂಎಸ್ ಮುಗಿಸಿದ ಸರ್ಜನ್ ಮತ್ತೆ ವಿದ್ಯಾರ್ಥಿ ಆಗ್ತಾರೆ. ಆ ಓದೇ ಫೆಲೋಶಿಪ್.

ಹತ್ತೂವರೆ ವರ್ಷದ ಲೆಕ್ಕ

ದಾರಿ ಹೀಗಿದೆ. ಪಿಯುಸಿ ಆದಮೇಲೆ ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್. ನೀಟ್ ಪಿಜಿ ಬರೆದು ಮೂರು ವರ್ಷ ಎಂಎಸ್ ಜನರಲ್ ಸರ್ಜರಿ. ಅದಾದ ಮೇಲೆ ಎರಡು ಬಾಗಿಲು. ಒಂದು, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ ಅನ್ನೋ ಎರಡು ವರ್ಷದ ಫೆಲೋಶಿಪ್. ಇನ್ನೊಂದು, ಮೂರು ವರ್ಷದ ಎಂಸಿಎಚ್. ದೆಹಲಿಯ ಏಮ್ಸ್‌ನಲ್ಲಿ ಟ್ರಾಮಾ ಸರ್ಜರಿ ಮತ್ತು ಕ್ರಿಟಿಕಲ್ ಕೇರ್ ಅಂತಲೇ ಎಂಸಿಎಚ್ ಇದೆ; ಅಲ್ಲಿನ ಜಯಪ್ರಕಾಶ್ ನಾರಾಯಣ್ ಅಪೆಕ್ಸ್ ಟ್ರಾಮಾ ಸೆಂಟರ್ ಗಾಯಾಳುಗಳಿಗಾಗಿಯೇ ಕಟ್ಟಿದ ಆಸ್ಪತ್ರೆ. ಅಮೆರಿಕದಲ್ಲಿ ಐದು ವರ್ಷ ಸರ್ಜರಿ ಮುಗಿಸಿದವರು ಒಂದು ವರ್ಷ ಸರ್ಜಿಕಲ್ ಕ್ರಿಟಿಕಲ್ ಕೇರ್ ಫೆಲೋಶಿಪ್ ಮಾಡ್ತಾರೆ. ತುರ್ತು ಸರ್ಜರಿಯನ್ನೂ ಸೇರಿಸಿದ ಎರಡು ವರ್ಷದ ಓದೂ ಅಲ್ಲಿದೆ.

ಕೂಡಿ ನೋಡಿ: ಎಫ್‌ಎನ್‌ಬಿ ದಾರಿಯಲ್ಲಿ ಹತ್ತೂವರೆ ವರ್ಷ, ಎಂಸಿಎಚ್ ಆದ್ರೆ ಹನ್ನೊಂದೂವರೆ. ಒಂದು ವರ್ಷವೂ ಹಾಳಾಗದಿದ್ರೆ ಇಪ್ಪತ್ತೊಂಬತ್ತು, ಮೂವತ್ತು ವಯಸ್ಸು.

ಏನು ಕಲೀತಾರೆ? ನಾಲ್ಕು ವಿಷಯ ಅಂತ ಇಟ್ಕೊಳ್ಳಿ. ಮೊದಲನೇದು, ಕ್ರಮ. ಉಸಿರಾಟದ ದಾರಿ, ಉಸಿರಾಟ, ರಕ್ತ ಸಂಚಾರ, ಆಮೇಲೆ ಉಳಿದದ್ದು. ಊದಿದ ಕೈ ಎಷ್ಟೇ ಕಣ್ಣಿಗೆ ಹೊಡೆದರೂ ಅದರ ಸರದಿ ಕೊನೆಗೆ. ಎರಡನೇದು, ಕುತ್ತಿಗೆ, ಎದೆ, ಹೊಟ್ಟೆ, ರಕ್ತನಾಳ ಹೀಗೆ ಮೈಯ ಎಲ್ಲ ಭಾಗದಲ್ಲೂ ರಕ್ತ ನಿಲ್ಲಿಸೋ ಕೈ. ಮೂರನೇದು ಐಸಿಯು: ವೆಂಟಿಲೇಟರ್, ಕಿಡ್ನಿ, ಸೋಂಕು, ಆಹಾರ, ನೋವು. ನಾಲ್ಕನೇದು, ತಂಡ ನಡೆಸೋದು. ಮೂಳೆಯವರು, ಮೆದುಳಿನವರು, ಅರಿವಳಿಕೆಯವರು, ರಕ್ತನಿಧಿಯವರು ಎಲ್ಲರೂ ಇದ್ದಾಗ ಯಾರು ಮೊದಲು ಅಂತ ತೀರ್ಮಾನ ಮಾಡೋ ಒಬ್ಬ ಯಜಮಾನ ಬೇಕು. ಬಸ್ ಉರುಳಿ ನಲವತ್ತು ಜನ ಒಟ್ಟಿಗೆ ಬಂದ್ರೆ ಯಾರನ್ನ ಮೊದಲು ಒಳಗೆ ಬಿಡ್ಬೇಕು ಅನ್ನೋದೂ ಇದೇ ಪಾಠ.

ನಮ್ಮ ಮಾವ ಐಸಿಯುನಲ್ಲಿ ಹನ್ನೊಂದು ದಿನ ಇದ್ರು. ನಮಗೆ ಆಪರೇಷನ್ನೇ ದೊಡ್ಡದು ಅನ್ನಿಸಿತ್ತು. ಆದ್ರೆ ದಿನಾ ಗಂಟೆಗೆಷ್ಟು ಮೂತ್ರ ಬಂತು ಅಂತ ಬರ್ಕೊಳ್ಳೋದು, ಮುರಿದ ಪಕ್ಕೆಲುಬಿನ ನೋವಿಗೆ ಕೆಮ್ಮದೇ ಬಿಟ್ಟು ಕಫ ಕಟ್ಟಿದಾಗ ನ್ಯುಮೋನಿಯಾ ಹಿಡಿಯೋದು, ಹಠ ಮಾಡಿ ಎಬ್ಬಿಸಿ ಕೂರಿಸೋದು, ಮಾವ ಉಳಿದಿದ್ದು ಇದರಲ್ಲೂ. ಆಪರೇಷನ್ ಮಾಡಿದ ಕೈಯೇ ಐಸಿಯುನಲ್ಲೂ ನಿಂತಿದ್ರೆ, ಯಾವಾಗ ಮತ್ತೆ ಹೊಟ್ಟೆ ಬಿಚ್ಚಬೇಕು ಅನ್ನೋ ತೀರ್ಮಾನ ತಡ ಆಗಲ್ಲ. ಸರ್ಜರಿ ಮತ್ತು ಕ್ರಿಟಿಕಲ್ ಕೇರ್ ಎರಡನ್ನೂ ಒಂದೇ ಓದಿಗೆ ಕಟ್ಟಿರೋದು ಅದಕ್ಕೇ.

ಜೋಳದ ಹೊಲದಲ್ಲಿ ಹುಟ್ಟಿದ ಪಾಠ

ಇದೆಲ್ಲಾ ದೊಡ್ಡ ಊರಿನ ವಿದ್ಯೆ ಅನ್ನಿಸಬಹುದು. ಆದ್ರೆ ಇದರ ಮುಖ್ಯ ಪಾಠ ಹುಟ್ಟಿದ್ದು ಹಳ್ಳಿಗಾಡಿನಲ್ಲಿ. 1976ರ ಫೆಬ್ರವರಿ. ಜೇಮ್ಸ್ ಸ್ಟೈನರ್ ಅನ್ನೋ ಮೂಳೆ ಡಾಕ್ಟರ್ ತಮ್ಮ ಸಣ್ಣ ವಿಮಾನದಲ್ಲಿ ಹೆಂಡತಿ, ನಾಲ್ಕು ಮಕ್ಕಳ ಜೊತೆ ಹೋಗ್ತಿದ್ದಾಗ ಅದು ಅಮೆರಿಕದ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡ್ರು. ಗಾಯಗೊಂಡ ಮಕ್ಕಳನ್ನ ಹತ್ತಿರದ ಸಣ್ಣ ಆಸ್ಪತ್ರೆಗೆ ಸೇರಿಸಿದಾಗ, ಅಲ್ಲಿ ಸಿಕ್ಕ ಚಿಕಿತ್ಸೆಗಿಂತ ಹೊಲದಲ್ಲಿ ತಾನು ಬರಿಗೈಲಿ ಮಾಡಿದ್ದೇ ವಾಸಿ ಅನ್ನಿಸಿತು ಅವರಿಗೆ. ಅವರು ಆ ಆಸ್ಪತ್ರೆಯವರನ್ನ ಬೈದು ಸುಮ್ಮನಾಗಲಿಲ್ಲ; ಇಂಥ ಕಡೆ ಇರೋ ಡಾಕ್ಟರಿಗೆ ಕ್ರಮ ಯಾರೂ ಕಲಿಸಿಲ್ಲ ಅಂದ್ರು. 1978ರಲ್ಲಿ ನೆಬ್ರಾಸ್ಕಾದಲ್ಲೇ ಮೊದಲ ತರಬೇತಿ ನಡೀತು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನ ತನ್ನದಾಗಿಸ್ಕೊಳ್ತು. ಅದೇ ಎಟಿಎಲ್‌ಎಸ್. ಈಗ ನಮ್ಮ ದೇಶದಲ್ಲೂ ಈ ಕೋರ್ಸ್ ಇದೆ, ಕೆಲವೇ ದಿನದ್ದು.

ಇದನ್ನ ಓದಿದ ಮೇಲೆ ನಮ್ಮ ಮೊದಲ ಆಸ್ಪತ್ರೆ ಮೇಲಿನ ನನ್ನ ಕೋಪ ಪೂರ್ತಿ ಹೋಗಲಿಲ್ಲ, ಆದ್ರೆ ದಿಕ್ಕು ಬದಲಾಯ್ತು. ಆ ಡ್ಯೂಟಿ ಡಾಕ್ಟರಿಗೆ ನನಗಿಂತ ಒಂದೆರಡು ವರ್ಷ ಕಮ್ಮಿಯೇ ವಯಸ್ಸಿರಬೇಕು. ಆತನಿಗೆ ಯಾರಾದ್ರೂ ಈ ಕ್ರಮ ಕಲಿಸಿದ್ರಾ?

ಇನ್ನೊಂದು ಉದಾಹರಣೆ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಇಂಜೆಕ್ಷನ್ ಇದೆ, ಹೆಪ್ಪುಗಟ್ಟಿದ ರಕ್ತ ಕರಗದ ಹಾಗೆ ತಡೆಯುತ್ತೆ. ಹಳೇ ಔಷಧಿ, ದುಬಾರಿಯೂ ಅಲ್ಲ. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದಲ್ಲಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನೋಡಿದ್ರು, ಭಾರತದ ಆಸ್ಪತ್ರೆಗಳೂ ಅದರಲ್ಲಿದ್ವು. ಬೇಗ ಕೊಟ್ರೆ ಜೀವ ಉಳಿಯುತ್ತೆ. ಮೂರು ಗಂಟೆ ದಾಟಿದ ಮೇಲೆ ಕೊಟ್ರೆ ತೊಂದರೆಯೇ ಆಗಬಹುದು ಅಂತ ತಿಳೀತು. ಮಾವ ಮೈಸೂರು ತಲುಪಿದ್ದು ಐದು ಗಂಟೆಗೆ. ಆ ಔಷಧಿ ಕೊಡೋ ಹೊತ್ತು ನಾವು ಬೆಂಚಿನ ಮೇಲೆ ಕೂತಿದ್ದಾಗ ಕಳೆದುಹೋಗಿತ್ತು.

ಗೋಲ್ಡನ್ ಅವರ್ ಅಂತೀವಲ್ಲ, ಅದನ್ನ 60 ನಿಮಿಷದ ಅಲಾರಂ ಅಂದ್ಕೋಬೇಡಿ. ಕೆಲವರಿಗೆ ಹತ್ತು ನಿಮಿಷ ಇರುತ್ತೆ, ಕೆಲವರಿಗೆ ಆರು ಗಂಟೆ. ಸೋರಿಕೆ ನಿಲ್ಲೋವರೆಗೆ ಪ್ರತಿ ನಿಮಿಷಕ್ಕೂ ಬೆಲೆ ಇದೆ, ಅಷ್ಟೇ ಅದರ ಅರ್ಥ.

ಇಷ್ಟು ಕಮ್ಮಿ ಜನ ಯಾಕೆ?

ಈಗ ನನ್ನ ಸಬ್ಜೆಕ್ಟ್‌ಗೆ ಬಂದೆ. ನನ್ನ ಪಿಯುಸಿ ಬ್ಯಾಚಿನ ಒಬ್ಬಳು ಗೆಳತಿ, ಅವಳದ್ದು ಸೈನ್ಸ್, ನಂದು ಕಾಮರ್ಸ್, ಈಗ ಎಂಎಸ್ ಸರ್ಜರಿ ಕೊನೇ ವರ್ಷದಲ್ಲಿದ್ದಾಳೆ. ಅವಳ ಮುಂದೆ ಎರಡು ಆಯ್ಕೆ: ಲ್ಯಾಪರೋಸ್ಕೋಪಿ ಅಥವಾ ಟ್ರಾಮಾ. "ನೀನೇ ಲೆಕ್ಕ ಹಾಕಿ ಹೇಳು" ಅಂದ್ಲು. ಹಾಕಿದೆ.

ಲ್ಯಾಪರೋಸ್ಕೋಪಿಯಲ್ಲಿ ಬಹುಪಾಲು ರೋಗಿ ಅಪಾಯಿಂಟ್‌ಮೆಂಟ್ ತಗೊಂಡು ಬರ್ತಾರೆ, ಬೆಳಗ್ಗೆ ಬರ್ತಾರೆ, ಹೆಚ್ಚಿನವರು ಇನ್ಶೂರೆನ್ಸ್ ಜೊತೆ ಬರ್ತಾರೆ. ಟ್ರಾಮಾ ರೋಗಿ ರಾತ್ರಿ ಎರಡು ಗಂಟೆಗೆ ಬರ್ತಾರೆ, ಪರ್ಸ್ ಇಲ್ಲದೇ ಬರ್ತಾರೆ, ಕೆಲವೊಮ್ಮೆ ಹೆಸರೂ ಗೊತ್ತಿಲ್ಲದೇ ಬರ್ತಾರೆ. ಜೊತೆಗೆ ಪೊಲೀಸ್ ಕೇಸು, ಆಮೇಲೆ ಕೋರ್ಟಿನ ಸಾಕ್ಷಿ. ಅದಕ್ಕಿಂತ ದೊಡ್ಡ ಖರ್ಚು ಕಾಯೋ ಖರ್ಚು. ಥಿಯೇಟರ್, ಅರಿವಳಿಕೆ ತಜ್ಞರು, ನರ್ಸ್, ರಕ್ತ ಎಲ್ಲವೂ 24 ಗಂಟೆ ಸಿದ್ಧ ಇರಬೇಕು, ಯಾರೂ ಬರದಿದ್ರೂ. ಅಗ್ನಿಶಾಮಕ ದಳದ ಹಾಗೆ. ಈ ತಿಂಗಳು ಬೆಂಕಿ ಬೀಳಲಿಲ್ಲ ಅಂತ ಫೈರ್ ಎಂಜಿನ್ ಮಾರೋಕೆ ಆಗುತ್ತಾ? ಬರೀ ಲಾಭದ ಲೆಕ್ಕದಲ್ಲಿ ಯಾವ ಆಸ್ಪತ್ರೆಯೂ ಇದನ್ನ ಖುಷಿಯಿಂದ ಮಾಡಲ್ಲ. ಇದು ಸರ್ಕಾರದ ದುಡ್ಡಲ್ಲಿ ನಿಲ್ಲಬೇಕಾದ ಕೆಲಸ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 108 ಆಂಬುಲೆನ್ಸ್ ರಾಜ್ಯದಲ್ಲಿ 2008ರಿಂದ ಓಡ್ತಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಅಪಘಾತದಲ್ಲಿ ಹರೀಶ್ ಅನ್ನೋ ಯುವಕ ಸಾಯೋ ಹೊತ್ತಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂದಿದ್ದು ನೆನಪಿರಬಹುದು. ಅವರ ಹೆಸರಲ್ಲೇ ಬಂದ ಸಾಂತ್ವನ ಹರೀಶ್ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಅಂತ ಘೋಷಣೆ ಆಯ್ತು. 2025ರಲ್ಲಿ ಕೇಂದ್ರ ಸರ್ಕಾರ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂತು. ಆದ್ರೆ ಗಮನಿಸಿ, ಎರಡೂ ರಸ್ತೆ ಅಪಘಾತಕ್ಕೆ. ಏಣಿಯಿಂದ ಬಿದ್ದವರು, ಮರ ಕಡಿಯೋವಾಗ ಕೊಂಬೆ ಬಿದ್ದವರು, ಆನೆ ತುಳಿತಕ್ಕೆ ಸಿಕ್ಕವರು ಆ ಲೆಕ್ಕದಲ್ಲಿ ಬರಲ್ಲ. ನಮ್ಮ ಜಿಲ್ಲೆಯ ಗಾಯಗಳಲ್ಲಿ ಇವೂ ಇವೆ.

ಕೊಡಗಿಗೆ ಏನು ಬೇಕು?

ಗೆಳತಿ ಕೇಳಿದ ಎರಡನೇ ಪ್ರಶ್ನೆ: "ಕಲಿತು ಊರಿಗೆ ಬಂದ್ರೆ ಕೆಲಸ ಇರುತ್ತಾ?"

ನೇರವಾಗಿ ಯೋಚನೆ ಮಾಡೋಣ. 2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಇಷ್ಟು ಸಣ್ಣ ಜಿಲ್ಲೆಯಲ್ಲಿ ದೊಡ್ಡ ಟ್ರಾಮಾ ಸೆಂಟರ್ ಕಟ್ಟಿದ್ರೆ ಸರ್ಜನ್‌ಗೆ ಕೈ ಪಳಗುವಷ್ಟು ಕೇಸ್ ಬರದೇ ಇರಬಹುದು. ಹಾಗಂತ ಎಲ್ಲರನ್ನೂ ಮೈಸೂರಿಗೋ ಮಂಗಳೂರಿಗೋ ಕಳಿಸ್ತೀವಿ ಅನ್ನೋದೂ ಉತ್ತರ ಅಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ದೂರ, ನಡುವೆ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ಹೆದ್ದಾರಿಯೇ ಮುಚ್ಚಿಹೋಯ್ತು. ಗಾಯಾಳುಗಳು ಹೆಚ್ಚು ಬರಬಹುದಾದ ದಿನವೇ ದಾರಿ ಇಲ್ಲದ ಜಿಲ್ಲೆ ನಮ್ಮದು.

ಹಾಗಾಗಿ ನನಗೆ ಸರಿ ಅನ್ನಿಸೋದು ಇದು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಅಂಥ ಕಡೆ ಫೆಲೋಶಿಪ್ ಮುಗಿಸಿದ ಒಬ್ಬರಿಬ್ಬರು ಇದ್ರೆ ಅವರ ಮುಖ್ಯ ಕೆಲಸ ದಿನಾ ದೊಡ್ಡ ಆಪರೇಷನ್ ಮಾಡೋದಲ್ಲ, ಕಲಿಸೋದು. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಫಾಸ್ಟ್ ಸ್ಕ್ಯಾನ್ ಕಲಿಸೋದು. ಯಾರನ್ನ ಇಲ್ಲೇ ತಡೆದು ಸೋರಿಕೆ ನಿಲ್ಲಿಸ್ಬೇಕು, ಯಾರನ್ನ ತಕ್ಷಣ ಕಳಿಸ್ಬೇಕು ಅನ್ನೋ ಒಂದು ಪುಟದ ನಿಯಮ ಗೋಡೆಗೆ ಅಂಟಿಸೋದು. ಕಳಿಸೋ ಮೊದಲು ಆ ಕಡೆ ಆಸ್ಪತ್ರೆಗೆ ಫೋನ್ ಹೋಗೋ ಹಾಗೆ ಮಾಡೋದು. ಮಾವನ ವಿಷಯದಲ್ಲಿ ಹನ್ನೊಂದು ಗಂಟೆಗೆ ಇಂಥ ಒಂದು ಸ್ಕ್ಯಾನ್, ಒಂದು ಇಂಜೆಕ್ಷನ್, ಒಂದು ಫೋನ್ ಆಗಿದ್ರೆ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ.

ಗೆಳತಿಗೆ ಇಷ್ಟೇ ಹೇಳಿದೆ: ದುಡ್ಡಿನ ಲೆಕ್ಕದಲ್ಲಿ ನಷ್ಟ. ಹುದ್ದೆ ಇರುತ್ತಾ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅದನ್ನ ಕೇಳಬೇಕಾದವರು ನಾವು, ಓಟು ಹಾಕೋರು. ಅವಳು ಇನ್ನೂ ತೀರ್ಮಾನ ಮಾಡಿಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು

ಬಿದ್ದವರನ್ನ, ಗುದ್ದಿಸಿಕೊಂಡವರನ್ನ ನೋಡಿದ್ರೆ ಮೊದಲು 108. ರಕ್ತ ಸುರೀತಿದ್ರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಕುತ್ತಿಗೆ, ಬೆನ್ನು ಅಲುಗಾಡದ ಹಾಗೆ ಮಲಗಿಸಿ. ನಾವು ಮಾಡಿದ ಹಾಗೆ ಪಿಕಪ್‌ನಲ್ಲಿ ಕೂರಿಸಬೇಡಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ತಣ್ಣಗಾದ ರಕ್ತ ಹೆಪ್ಪುಗಟ್ಟಲ್ಲ ಅಂತ ಹೇಳಿದ್ನಲ್ಲ. ನೀರು, ಕಾಫಿ, ಚಳಿಗೆ ಅಂತ ಬ್ರಾಂಡಿ, ಯಾವುದೂ ಬೇಡ. ಬಿದ್ದ ಸಮಯ ಮೊಬೈಲಲ್ಲಿ ಬರ್ದಿಟ್ಕೊಳ್ಳಿ. ಎತ್ತರದಿಂದ ಬಿದ್ದವರು ಬಿಳಿಚಿಕೊಂಡ್ರೆ, ತಣ್ಣಗೆ ಬೆವರಿದ್ರೆ, ಹೊಟ್ಟೆ ಅಥವಾ ಎಡ ಭುಜ ನೋವು ಅಂದ್ರೆ, "ಹೊಟ್ಟೆ ಒಂದ್ಸಲ ನೋಡಿ ಡಾಕ್ಟ್ರೇ" ಅಂತ ಬಾಯಿಬಿಟ್ಟು ಕೇಳಿ. ಕೇಳೋಕೆ ಸಂಕೋಚ ಬೇಡ, ನಾನು ಸಂಕೋಚ ಪಟ್ಟೆ. ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದ್ರೆ ಪೊಲೀಸ್ ಕಾಟ ಅನ್ನೋ ಹೆದರಿಕೆಯೂ ಬೇಡ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಅಂಥವರಿಗೆ ರಕ್ಷಣೆ ಕೊಟ್ಟಿದೆ.

ಮಾವ ಈಗ ಚೆನ್ನಾಗಿದ್ದಾರೆ. ಗುಲ್ಮ ಇಲ್ಲದವರಿಗೆ ಕೆಲವು ಸೋಂಕು ಬೇಗ ಹತ್ತುತ್ತೆ, ಅದಕ್ಕೆ ಲಸಿಕೆ ಹಾಕಿಸಿದೀವಿ, ಜ್ವರ ಬಂದ್ರೆ ಅದೇ ದಿನ ಆಸ್ಪತ್ರೆ. ಮೆಣಸು ಕುಯ್ಯೋದನ್ನ ಗುತ್ತಿಗೆಗೆ ಕೊಟ್ಟಿದ್ದಾರೆ. ಆದ್ರೆ ಏಣಿ ಹತ್ತೋ ಹುಡುಗರ ಕೆಳಗೆ ನಿಂತು ಏಣಿ ಹಿಡ್ಕೊಳ್ಳೋದು ಮಾತ್ರ ಅವರೇ. ಯಾರು ಹೇಳಿದ್ರೂ ಬಿಡಲ್ಲ.

ನಿಮ್ಮ ತೋಟದಲ್ಲಿ, ನಿಮ್ಮ ಊರಲ್ಲಿ ಇಂಥದ್ದು ಆಗಿದ್ರೆ, ಆಸ್ಪತ್ರೆಗೆ ಎಷ್ಟು ಹೊತ್ತು ಹಿಡೀತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದೊಂದು ಸಂಚಿಕೆ ಅದರ ಮೇಲೇ ಮಾಡೋಣ. ಈ ಸಂಚಿಕೆ ಏಣಿ ಹತ್ತೋ ಯಾರಿಗಾದ್ರೂ ಕೇಳಿಸಿ. ಮುಂದಿನ ವಾರ ಸಿಗ್ತೀನಿ, ಹುಷಾರು.